ಕರೆದಾಗ ಇಳಿಯುವ ಕಾಡು

ಮಂಡಿಪೇಟೆಯ ಮಹಡಿ. ಕೆಳಗೆ ಗೋಣಿಚೀಲದ ಅಂಗಡಿ,
ಮೇಲೆ ನಾನು, ಎರಡು ಕಂಪ್ಯೂಟರು, ನಂಬಲಾಗದ ಯುಪಿಎಸ್ಸು.
ಕಿಟಕಿ ಮಾಡುವುದು ನನ್ನ ಕಸುಬು.
ಗಾಳಿಯದಲ್ಲ, ಲೆಕ್ಕದ್ದು:
ಮೆಕ್ಕೆಜೋಳದ ದಲಾಲಿಗೊಂದು, ಮಂಡಕ್ಕಿ ಭಟ್ಟಿಗೊಂದು,
ಸೀರೆಯಂಗಡಿಗೊಂದು.

ಮೊದಮೊದಲು ಎಲ್ಲರಿಗೂ ಎಲ್ಲವನ್ನೂ ಒಳಗೇ ಕಟ್ಟಿ ಕೊಟ್ಟೆ.
ತೂಕದ ಚೌಕ ಮೂರು ಕಡೆ ಮೂರು ಸಲ ಬರೆದೆ.
ಕೊಟ್ರಬಸಪ್ಪನವರಲ್ಲಿ ಕ್ವಿಂಟಾಲು ತಪ್ಪಿದರೆ
ದಾದಾಪೀರ್ ಸಾಹೇಬರಲ್ಲೂ ಹೋಗಿ ತಿದ್ದಬೇಕು;
ಮೂರನೆಯದು ಮರೆತೇ ಹೋಗಿರುತ್ತದೆ.
ಬೆಳಿಗ್ಗೆ ಅಷ್ಟೂ ಸಾಮಾನು ಹೊತ್ತು ಏಳುವಾಗ
ಪ್ರೋಗ್ರಾಮಿಗೆ ಏದುಸಿರು.
ಸಾಹೇಬರು ಚಹಾ ಮುಗಿಸಿ ಫೋನು ಮಾಡುವರು:
"ನಿನ್ನ ಡಬ್ಬಿ ಇನ್ನೂ ಎದ್ದಿಲ್ಲಮ್ಮಾ."

ದಾರಿ ತೋರಿದ್ದು ಹಾಲೇಶಪ್ಪ,
ಕೆಳಗೆ ಹರಿದ ಚೀಲ ಹೊಲಿಯುವವರು,
ಕಂಪ್ಯೂಟರು ಮುಟ್ಟಿದವರಲ್ಲ.
ಇಪ್ಪತ್ತೆರಡು ವರ್ಷ ನಾಟಕ ಕಂಪನಿಯಲ್ಲಿ ಪರದೆ ಎಳೆದು
ಅಂಗೈಯಲ್ಲಿ ಹಗ್ಗ ಕೊರೆದ ಗೆರೆ
ಆಯುಷ್ಯರೇಖೆಯನ್ನು ಅಡ್ಡ ದಾಟಿದೆ.

"ನಮಗಿದ್ದಿದ್ದು ಒಂದೇ ಅರಮನಿ ಯಮ್ಮಾ.
ಶನಿವಾರ ಅದರಾಗೆ ಧರ್ಮವಂತ ರಾಜ,
ಭಾನುವಾರ ಅದೇ ಕಂಬದ ಮುಂದೆ ಪಾಪಿ.
ಒಂದು ಬೀದಿ, ಒಂದು ಸೆರೆಮನಿ, ಒಂದು ಕಾಡು,
ಎಲ್ಲಾ ಸುತ್ತಿ ಮ್ಯಾಲೆ. ಕೆಳಗೆ ಬರೇ ಹಲಗಿ.
ಮೇಷ್ಟ್ರು 'ಕಾಡು' ಅಂದ್ರೆ ಕಾಡು ಇಳೀಬೇಕು.
ಕರೆಯೋ ಮಟ ಕಾಡಿಗೇನು ಕೆಲಸ?"

ಆ ರಾತ್ರಿ ಅಳಿಸುತ್ತ ಹೋದೆ.
ಉಳಿದದ್ದು ಖಾಲಿ ಚೌಕಟ್ಟು, ಹೆಸರಿನ ಪಟ್ಟಿ,
ಕರೆಯುವ ಒಂದು ದನಿ.
ತೂಕದ ಚೌಕವನ್ನು ಒಂದೇ ಸಲ ಬರೆದು
ಬೇರೆ ಕಡತವಾಗಿ ಸುತ್ತಿ ಅಟ್ಟಕ್ಕೇರಿಸಿದೆ,
ತಾರೀಖಿನದನ್ನೂ, ರಸೀದಿಯದನ್ನೂ, ಹಮಾಲಿಯದನ್ನೂ.
ಪ್ರತಿಯೊಂದರ ಕಿವಿಯಲ್ಲೂ ಹೇಳಿ ಕಳಿಸಿದೆ:
ಯಾರ ಅಂಗಡಿ ಎಂದು ಕೇಳಬೇಡ,
ಜಾಗ ಎಷ್ಟಿದೆ ಕೇಳು, ಅಷ್ಟರಲ್ಲಿ ಕೂರು,
ಕೊಟ್ಟ ಅಂಕಿ ನುಂಗಬೇಡ.

ಈಗ ಕಣ್ಣು ಮಿಟುಕಿಸುವುದರೊಳಗೆ ಡಬ್ಬಿ ಏಳುತ್ತದೆ.
ಸಾಹೇಬರ ಭಟ್ಟಿಯಲ್ಲಿ ಹಮಾಲಿ ಚೌಕ
ಒಂದು ದಿನವೂ ಕೆಳಗಿಳಿದಿಲ್ಲ,
ಅಲ್ಲಿ ಚೀಲ ಹೊರುವುದು ಇಬ್ಬರು ಅಳಿಯಂದಿರು.

ಅವರಲ್ಲೊಬ್ಬ, ಡಿಸ್ಕು ತುಂಬಿತೆಂದು,
ಒಂದು ಸೋಮವಾರ ಅಟ್ಟವನ್ನೇ ಗುಡಿಸಿ ಹಾಕಿದ.
'ತೂಕ' ಎಂದು ಕರೆದರೆ ತೂಕವಿಲ್ಲ.
ಇಡೀ ಕಿಟಕಿ ಕುಸಿದು ಬಿತ್ತು,
ಬಾಗಿಲಲ್ಲಿ ಲಾರಿ, ಲಾರಿಯ ತುಂಬ
ಭಾರವಿಲ್ಲದ ಮಂಡಕ್ಕಿ.

ಹಾಲೇಶಪ್ಪ ಸೂಜಿಗೆ ದಾರ ಪೋಣಿಸುತ್ತ ಕೇಳಿಸಿಕೊಂಡರು.
"ಹರಿಹರದ ಕ್ಯಾಂಪಿನಾಗೆ ಇಲಿ ಹಗ್ಗ ಕಡಿದಿತ್ತು.
ಮೇಷ್ಟ್ರು ಕಾಡು ಅಂದ್ರು. ಎಳದೆ. ಬರಲಿಲ್ಲ.
ಹಿಂದೆ ಬರೇ ತಗಡು, ತಗಡಿನ ಮ್ಯಾಲೆ ಯಾರದೋ ಅಂಗಿ.
ಮಲ್ಲಿಕಾಬಾಯಿ ಒಂದ್ಸಲ ಮ್ಯಾಲೆ ನೋಡಿದ್ಲು,
'ಸಖೀ, ಎಂಥ ಕತ್ತಲೆ ಇದು, ಒಂದು ಮರವೂ ಕಾಣದು' ಅಂದ್ಲು.
ಚಾಪಿ ಮ್ಯಾಲೆ ಕುಂತ ಮಂದಿ
ಹಾವಿದ್ದೀತು ಅಂತ ಕಾಲು ಮಡಚಿಕೊಂಡ್ರು."

ನಾನು ಎರಡೇ ಸಾಲು ಸೇರಿಸಿದೆ.
ಕರೆದದ್ದು ಬಾರದಿದ್ದರೆ ಬೀಳಬೇಡ,
ಅದರ ಜಾಗ ಅದಕ್ಕೇ ಬಿಟ್ಟು ಸಣ್ಣಗೆ ಹೇಳು:
ತೂಕದ ಚೌಕ ಕಾಣುತ್ತಿಲ್ಲ, ಉಳಿದ ಕೆಲಸ ನಡೆಯಲಿ.
ಮುಂದಿನ ಸಲ ಸಾಹೇಬರು ಅದನ್ನೋದಿ
ಇದ್ದಿಲಿನಿಂದ ಗೋಡೆಗೆ ತೂಕ ಬರೆದುಕೊಂಡು
ರಸೀದಿ ಹರಿದು ಕೊಟ್ಟರಂತೆ.

ನೋಡಲೆಂದು ಹಾಲೇಶಪ್ಪ ಒಮ್ಮೆ ಮಹಡಿ ಹತ್ತಿದರು.
ಬೇಕೆಂದೇ ಕಡತ ತೆಗೆದಿಟ್ಟು ಕರೆದೆ.
ಬೂದು ಬಣ್ಣದ ಬರಿಯ ಚೌಕ.
ಅವರೇನೂ ಅನ್ನಲಿಲ್ಲ.
ಎರಡು ಕೈ ತಾವಾಗಿ ಮೇಲೆದ್ದು
ಫ್ಯಾನಿನ ಗಾಳಿಯಲ್ಲಿ ಹಗ್ಗ ಹುಡುಕುತ್ತಿದ್ದವು.